ಮಗುವಿಗೆ ಮಾತ್ರ ಗೊತ್ತಿಲ್ಲದ ಹೆಸರು

ವೀರ್ಯ ದಾನ ಮಾಡಲು ಬ್ಯಾಂಕಿಗೆ ಹೋಗುವ ಗಂಡಸು ಅಲ್ಲಿ ಹೆಸರು ಬರೆಸಬೇಕು, ವಿಳಾಸ ಬರೆಸಬೇಕು, ಆಧಾರ್ ಸಂಖ್ಯೆ ಕೊಡಬೇಕು. ವಯಸ್ಸು 21ರಿಂದ 55ರ ಒಳಗಿರಬೇಕು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಇಲ್ಲವೆಂದು ಪರೀಕ್ಷೆಯಿಂದ ಖಾತ್ರಿಯಾಗಬೇಕು. ಈ ಕಡತವನ್ನು ಬ್ಯಾಂಕು ಕನಿಷ್ಠ ಹತ್ತು ವರ್ಷ ಜೋಪಾನವಾಗಿಟ್ಟು, ಆಮೇಲೆ ರಾಷ್ಟ್ರೀಯ ರಿಜಿಸ್ಟ್ರಿಗೆ ಒಪ್ಪಿಸಬೇಕು. ಇಷ್ಟನ್ನೂ ಹೇಳುವುದು 2022ರ ಜನವರಿಯಲ್ಲಿ ಜಾರಿಗೆ ಬಂದ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆ, 2021. ಆಸ್ಪತ್ರೆಗಳಲ್ಲಿ ಎಲ್ಲರೂ ಎಆರ್‌ಟಿ ಕಾಯ್ದೆ ಎನ್ನುತ್ತಾರೆ.

ಹೀಗಿರುವಾಗ ಅನಾಮಿಕ ದಾನಿ ಎಂಬುವವನು ಯಾರಿಗೂ ಗೊತ್ತಿಲ್ಲದ ಮನುಷ್ಯನೇನಲ್ಲ. ಬ್ಯಾಂಕಿಗೆ ಗೊತ್ತು, ನಾಳೆ ಸರ್ಕಾರದ ಕಂಪ್ಯೂಟರಿಗೂ ಗೊತ್ತಿರುತ್ತದೆ. ಮಗು ಬೇಕೆಂದು ಬಂದ ದಂಪತಿಗೆ ಅವನ ಎತ್ತರ, ಮೈಬಣ್ಣ, ರಕ್ತದ ಗುಂಪು, ಓದು ಇವಿಷ್ಟು ತಿಳಿಯುತ್ತದೆ. ಹೆಸರು ತಮಗೆ ಬೇಡವೆಂದು ಅವರೇ ಒಪ್ಪಿ ರುಜು ಹಾಕಿರುತ್ತಾರೆ. ಉಳಿದದ್ದು ಒಂದೇ ಜೀವ, ಆ ದಾನದಿಂದ ಹುಟ್ಟಿದ ಮಗು. ಅದು ಎಲ್ಲಿಯೂ ರುಜು ಹಾಕಿಲ್ಲ, ಅದನ್ನು ಯಾರೂ ಕೇಳಿಲ್ಲ. ಆ ಕಡತವನ್ನು ತೆರೆದು ನೋಡುವ ಹಕ್ಕು ಅದಕ್ಕಿದೆ ಎನ್ನುವ ಒಂದು ಸಾಲೂ ಕಾಯ್ದೆಯಲ್ಲಿಲ್ಲ. ಹದಿನೆಂಟು ತುಂಬಿದ ಮೇಲೂ ಇಲ್ಲ.

ವೀರ್ಯ ದಾನದ ಬಗ್ಗೆ ನನ್ನ ತಕರಾರಿಲ್ಲ. ರಕ್ತ ಕೊಡುವ, ಮೂತ್ರಪಿಂಡ ಕೊಡುವ ಕಾಲದಲ್ಲಿ ಇದೊಂದನ್ನು ಪಾಪವೆನ್ನಲು ಕಾರಣ ಕಾಣುವುದಿಲ್ಲ. ತಕರಾರು ಇರುವುದು ಈ ಬೀಗದ ಬಗ್ಗೆ. ದಾನಿ ಮತ್ತು ದಂಪತಿ, ಇಬ್ಬರೂ ವಯಸ್ಕರು, ತಮ್ಮ ನಡುವೆ ಏನು ಬೇಕಾದರೂ ಕರಾರು ಮಾಡಿಕೊಳ್ಳಲಿ. ಮೂರನೆಯವರ ಬದುಕಿನ ಒಂದು ಸಂಗತಿಯನ್ನು ಆ ಮೂರನೆಯವರಿಂದಲೇ ಮುಚ್ಚಿಡುತ್ತೇವೆಂದು ಕರಾರು ಮಾಡಿಕೊಳ್ಳಲು ಅವರಿಗೆ ಅಧಿಕಾರ ಕೊಟ್ಟವರು ಯಾರು?

ಮೊದಲು ವೈದ್ಯಕೀಯದ ಮಾತು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಆದರೆ ಅಶ್ವತ್ಥಕಟ್ಟೆಯ ನಾಗರಕಲ್ಲು ಸುತ್ತುವುದು ಹೆಂಗಸು, ಘಾಟಿಗೋ ಕುಕ್ಕೆಗೋ ಹರಕೆ ಹೊರುವುದು ಹೆಂಗಸು, ನಾಮಕರಣದ ಮನೆಯಲ್ಲಿ ತೊಟ್ಟಿಲ ಹತ್ತಿರ ಹೋಗದೆ ದೂರ ನಿಲ್ಲುವುದೂ ಅವಳೇ. ಗಂಡನ ವೀರ್ಯ ಪರೀಕ್ಷೆ ಮಕ್ಕಳಾಗದಿದ್ದಾಗ ಮಾಡಿಸುವ ಉಳಿದೆಲ್ಲ ಪರೀಕ್ಷೆಗಳಿಗಿಂತ ಅಗ್ಗದ್ದು, ನೋವಿಲ್ಲದ್ದು. ಅದನ್ನು ಮಾಡಿಸುವುದು ಎಲ್ಲಕ್ಕಿಂತ ಕೊನೆಗೆ. 1992ರಲ್ಲಿ ಬ್ರಸೆಲ್ಸ್‌ನ ವೈದ್ಯರು ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನವನ್ನು ಪ್ರಕಟಿಸಿದ ಮೇಲೆ, ವೀರ್ಯಾಣುಗಳ ಸಂಖ್ಯೆ ತೀರಾ ಕಡಿಮೆ ಇದ್ದವರೂ ಸ್ವಂತ ಮಗು ಪಡೆಯುವಂತಾಯಿತು. ವೀರ್ಯಾಣು ಇಲ್ಲವೇ ಇಲ್ಲ ಎಂದಾದವರಿಗೆ, ಲಕ್ಷಗಟ್ಟಲೆ ಖರ್ಚಿನ ಇಕ್ಸಿ ಕೈಗೆಟುಕದವರಿಗೆ, ವಂಶವಾಹಿ ಕಾಯಿಲೆ ದಾಟಿಸುವ ಭಯವಿರುವವರಿಗೆ, ಗಂಡನಿಲ್ಲದೆ ತಾಯಿಯಾಗಬಯಸುವ ಹೆಂಗಸರಿಗೆ ದಾನಿಯ ವೀರ್ಯವೇ ದಾರಿ. ಅದನ್ನು ಐಯುಐ ಎಂಬ ವಿಧಾನದಿಂದ ನೇರವಾಗಿ ಗರ್ಭಕೋಶಕ್ಕೆ ಸೇರಿಸುತ್ತಾರೆ. ಕೆಲವು ನಿಮಿಷದ ಕೆಲಸ.

ಈ ಕೆಲಸದ ದಾಖಲಾದ ಮೊದಲ ಪ್ರಕರಣಗಳಲ್ಲಿ ಒಂದು ನಡೆದದ್ದು 1884ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಒಬ್ಬ ವರ್ತಕ ಹೆಂಡತಿಯನ್ನು ಕರೆದುಕೊಂಡು ವಿಲಿಯಂ ಪ್ಯಾನ್‌ಕೋಸ್ಟ್ ಎಂಬ ವೈದ್ಯನ ಬಳಿಗೆ ಬಂದ. ಹೆಂಡತಿಯನ್ನು ಎಲ್ಲ ರೀತಿಯಲ್ಲೂ ಪರೀಕ್ಷಿಸಿದರು, ದೋಷ ಸಿಗಲಿಲ್ಲ. ಆಮೇಲೆ ಗಂಡನನ್ನು ನೋಡಿದರೆ, ಯೌವನದಲ್ಲಿ ತಗುಲಿದ್ದ ಗೊನೋರಿಯಾದಿಂದ ಅವನಲ್ಲಿ ವೀರ್ಯಾಣುಗಳೇ ಇರಲಿಲ್ಲ. ಮುಂದಿನದು ಹೀಗೆ: ಹೆಂಡತಿಗೆ ಪರೀಕ್ಷೆಯ ನೆವ ಹೇಳಿ ಕ್ಲೋರೋಫಾರ್ಮ್ ಕೊಟ್ಟರು. ಅಲ್ಲಿದ್ದ ಆರು ಮಂದಿ ವೈದ್ಯ ವಿದ್ಯಾರ್ಥಿಗಳ ಪೈಕಿ ಎಲ್ಲರಿಗಿಂತ ಲಕ್ಷಣವಾದವನನ್ನು ಆರಿಸಿ, ಅವನ ವೀರ್ಯವನ್ನು ಬಳಸಿದರು. ಗಂಡನಿಗೆ ಆಮೇಲೆ ಹೇಳಿದಾಗ ಅವನಿಗೆ ಸಂತೋಷವೇ ಆಯಿತಂತೆ. ಹೆಂಡತಿಗೆ ಮಾತ್ರ ಹೇಳಬೇಡಿ ಎಂದು ಕೇಳಿಕೊಂಡ. ಗಂಡು ಮಗು ಹುಟ್ಟಿತು. ಇಪ್ಪತ್ತೈದು ವರ್ಷಗಳ ತರುವಾಯ, 1909ರಲ್ಲಿ, ಆ ವಿದ್ಯಾರ್ಥಿಗಳಲ್ಲೊಬ್ಬನಾದ ಅಡಿಸನ್ ಡೇವಿಸ್ ಹಾರ್ಡ್ ‘ಮೆಡಿಕಲ್ ವರ್ಲ್ಡ್’ ಪತ್ರಿಕೆಗೆ ಪತ್ರ ಬರೆದು ಇದನ್ನೆಲ್ಲ ಬಯಲು ಮಾಡಿದ. ಬೆಳೆದು ದೊಡ್ಡವನಾಗಿ ವ್ಯಾಪಾರ ಮಾಡಿಕೊಂಡಿದ್ದ ಆ ಯುವಕನ ಕೈಕುಲುಕಿ ಬಂದೆನೆಂದೂ ಬರೆದ.

ಲೆಕ್ಕ ಹಾಕಿ. ವೈದ್ಯನಿಗೆ ಗೊತ್ತು, ಆರು ವಿದ್ಯಾರ್ಥಿಗಳಿಗೆ ಗೊತ್ತು, ಗಂಡನಿಗೆ ಗೊತ್ತು, ಕೊನೆಗೆ ಪತ್ರಿಕೆಯ ಓದುಗರಿಗೆಲ್ಲ ಗೊತ್ತು. ಯಾರ ಮೈಯೊಳಗೆ ನಡೆಯಿತೋ ಆ ತಾಯಿಗೂ ಯಾರು ಹುಟ್ಟಿದನೋ ಆ ಮಗನಿಗೂ ಗೊತ್ತಿಲ್ಲ. ಇವತ್ತು ತಾಯಿಯ ಒಪ್ಪಿಗೆ ಇಲ್ಲದೆ ಯಾರೂ ಸೂಜಿ ಮುಟ್ಟುವುದಿಲ್ಲ, ಅಷ್ಟರಮಟ್ಟಿಗೆ ನಾವು ಮುಂದೆ ಬಂದಿದ್ದೇವೆ. ಮಗನ ವಿಷಯದಲ್ಲಿ ಹೆಚ್ಚೇನೂ ಬದಲಾಗಿಲ್ಲ.

ಇಪ್ಪತ್ತನೇ ಶತಮಾನದ ಬಹುಪಾಲು ಈ ಕಸುಬು ಹೀಗೇ ನಡೆಯಿತು. ದಾನಿಗಳು ಹೆಚ್ಚಾಗಿ ವೈದ್ಯ ವಿದ್ಯಾರ್ಥಿಗಳು. ದಾಖಲೆ ಇಡದಿರುವುದೇ ಸಭ್ಯತೆ. ಎಷ್ಟೋ ವೈದ್ಯರು ದಂಪತಿಗೆ ಒಂದು ಉಪದೇಶ ಮಾಡಿ ಕಳಿಸುತ್ತಿದ್ದರು: ಇವತ್ತು ರಾತ್ರಿ ನೀವಿಬ್ಬರೂ ಕೂಡಿ, ಆಗ ಮಗು ಯಾರದೆಂದು ನಿಮಗೇ ಖಚಿತವಾಗಿ ಗೊತ್ತಿರುವುದಿಲ್ಲ. ಯಾರೂ ನೋಡದ ಕತ್ತಲಲ್ಲಿ ಕೆಲವರು ಏನು ಮಾಡಿದರೆಂಬುದು ಆಮೇಲೆ ಹೊರಬಿತ್ತು. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಡೊನಾಲ್ಡ್ ಕ್ಲೈನ್ ಎಂಬ ವೈದ್ಯ ಹೇಳದೆ ಕೇಳದೆ ತನ್ನದೇ ವೀರ್ಯ ಬಳಸಿ ತೊಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಜನ್ಮ ಕೊಟ್ಟಿದ್ದ. ಅದನ್ನು ನೇರವಾಗಿ ಅಪರಾಧವೆನ್ನುವ ಕಾನೂನು ಆ ರಾಜ್ಯದಲ್ಲಿ ಇರಲಿಲ್ಲವಾದ್ದರಿಂದ, ತನಿಖಾಧಿಕಾರಿಗಳಿಗೆ ಸುಳ್ಳು ಹೇಳಿದ್ದಕ್ಕಷ್ಟೇ 2017ರಲ್ಲಿ ತಪ್ಪೊಪ್ಪಿಗೆ ಪಡೆದು ಬಿಟ್ಟರು. ಅವನನ್ನು ಹಿಡಿದುಕೊಟ್ಟದ್ದು ಪೊಲೀಸರೂ ಅಲ್ಲ, ಆರೋಗ್ಯ ಇಲಾಖೆಯೂ ಅಲ್ಲ. ಮನೆಗೆ ತರಿಸಿಕೊಂಡ ಡಿಎನ್‌ಎ ಕಿಟ್.

ಆ ಕಿಟ್ ಬಂದ ಮೇಲೆ ಅನಾಮಿಕತೆಯ ಭರವಸೆಗೆ ಬೆಲೆ ಇಲ್ಲವಾಗಿದೆ. 2005ರಲ್ಲಿ ವರದಿಯಾದ ಪ್ರಕರಣವೊಂದರಲ್ಲಿ, ಹದಿನೈದು ವರ್ಷದ ಹುಡುಗನೊಬ್ಬ ಕೆನ್ನೆಯ ಒಳಭಾಗ ಸವರಿದ ಕಡ್ಡಿಯನ್ನು 289 ಡಾಲರ್ ಜತೆಗೆ ಒಂದು ವಂಶಾವಳಿ ಕಂಪನಿಗೆ ಕಳಿಸಿದ. ಅಪ್ಪನಿಂದ ಮಗನಿಗೆ ಇಡಿಯಾಗಿ ದಾಟುವ ವೈ ಕ್ರೋಮೋಸೋಮು ಇಬ್ಬರು ಅಪರಿಚಿತರ ಜತೆ ಹೊಂದಿತು. ಇಬ್ಬರದೂ ಸರಿಸುಮಾರು ಒಂದೇ ಮನೆತನದ ಹೆಸರು. ದಾನಿ ಹುಟ್ಟಿದ ದಿನ ಮತ್ತು ಊರನ್ನು ಕ್ಲಿನಿಕ್ಕು ತಾಯಿಗೆ ಹೇಳಿತ್ತು. ಆ ದಿನ ಆ ಊರಲ್ಲಿ ಹುಟ್ಟಿದವರ ಪಟ್ಟಿಯನ್ನು ದುಡ್ಡು ಕೊಟ್ಟು ತರಿಸಿ ನೋಡಿದರೆ ಆ ಮನೆತನದವನು ಒಬ್ಬನೇ. ಹತ್ತೇ ದಿನದಲ್ಲಿ ಹುಡುಗ ಅವನನ್ನು ಸಂಪರ್ಕಿಸಿದ್ದ. ಗಮನಿಸಬೇಕಾದ್ದು, ದಾನಿ ಎಂದೂ ತನ್ನ ಡಿಎನ್‌ಎಯನ್ನು ಎಲ್ಲಿಗೂ ಕಳಿಸಿರಲಿಲ್ಲ. ಅವನ ಗುಟ್ಟು ಅವನ ಕೈಯಲ್ಲಿರಲಿಲ್ಲ, ಯಾರೋ ದೂರದ ದಾಯಾದಿಗಳ ಕೈಯಲ್ಲಿತ್ತು. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಹದಿಮೂರು ಲಕ್ಷದಷ್ಟು ಜನರ ಮಾಹಿತಿ ಇದ್ದರೆ ಸಾಕು, ಯುರೋಪಿಯನ್ ಮೂಲದ ಅಮೆರಿಕನ್ನರಲ್ಲಿ ಶೇ. 60ರಷ್ಟು ಮಂದಿಗೆ ಮುತ್ತಜ್ಜನ ಅಪ್ಪನಲ್ಲಿ ಕೂಡುವಷ್ಟು ಹತ್ತಿರದ ನಂಟರು ಸಿಗುತ್ತಾರೆ ಎಂದಿತು. ಈಗ ಅಂಥ ಕಂಪನಿಗಳ ಬಳಿ ಕೋಟಿಗಟ್ಟಲೆ ಜನರ ಮಾಹಿತಿ ಇದೆ.

ನಮ್ಮವರು ಅದರಲ್ಲಿ ಕಡಿಮೆ, ಸದ್ಯಕ್ಕೆ. ಆದರೆ ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ರೂಪುಗೊಂಡ ಹುಡುಗಿ ಎಂಎಸ್ ಮಾಡಲು ಅಮೆರಿಕಕ್ಕೆ ಹೋಗುತ್ತಾಳೆ. ಡಿಸೆಂಬರಿನ ರಿಯಾಯಿತಿಯಲ್ಲಿ ರೂಮ್‌ಮೇಟ್‌ಗಳೆಲ್ಲ ಸೇರಿ ಕಿಟ್ ತರಿಸಿ, ನಗುತ್ತ, ಕೊಳವೆಗೆ ಉಗುಳುತ್ತಾರೆ. ಒಂದೂವರೆ ತಿಂಗಳಿಗೆ ಅವಳ ಫೋನಿಗೆ ಒಂದು ಇಮೇಲ್ ಬರುತ್ತದೆ. ದಾವಣಗೆರೆಯಲ್ಲೋ ಮಂಡ್ಯದಲ್ಲೋ ಇರುವ ಅಪ್ಪ ಅಮ್ಮ ಇಪ್ಪತ್ನಾಲ್ಕು ವರ್ಷ ಕಾಪಾಡಿದ್ದು ಹಾಗೆ ಬಯಲಾಗುವುದು ಯಾರಿಗೆ ಹಿತ? ಮುಚ್ಚಿಡಬೇಕೋ ಬೇಡವೋ ಎಂಬ ಆಯ್ಕೆ ಈಗ ತಂದೆತಾಯಿಯ ಮುಂದಿಲ್ಲ. ತಾವಾಗಿ ಹೇಳುವುದೋ, ಕಂಪನಿಯೊಂದು ಹೇಳುವತನಕ ಕಾಯುವುದೋ, ಅಷ್ಟೇ.

ನರೆಲ್ ಗ್ರೆಚ್ ಕತೆಯನ್ನು ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯದಲ್ಲಿ ಬಲ್ಲವರು ಬಹಳ. ದಾನಿಯಿಂದ ಹುಟ್ಟಿದವಳೆಂದು ಹದಿನೈದರ ವಯಸ್ಸಿನಲ್ಲಿ ಆಕೆಗೆ ತಿಳಿಯಿತು. ದಾನಿಯ ಸಂಕೇತ, ಕಣ್ಣಿನ ಬಣ್ಣ, ರಕ್ತದ ಗುಂಪು ಇಂಥ ಚೂರುಪಾರು ಬಿಟ್ಟರೆ ಬೇರೇನೂ ಸಿಗಲಿಲ್ಲ. ಹೆಸರು ಇರಲಿಲ್ಲವೆಂದಲ್ಲ, ಕಡತದಲ್ಲಿತ್ತು. 1988ಕ್ಕಿಂತ ಮೊದಲಿನ ದಾನವಾದ್ದರಿಂದ ಕೊಡಲು ಕಾನೂನು ಒಪ್ಪುತ್ತಿರಲಿಲ್ಲ. 2011ರಲ್ಲಿ, ಇಪ್ಪತ್ತೆಂಟರ ಹರೆಯದಲ್ಲಿ, ಕರುಳಿನ ಕ್ಯಾನ್ಸರು ಕೊನೆಯ ಹಂತದಲ್ಲಿದೆ ಎಂದು ವೈದ್ಯರು ಹೇಳಿದರು. ವಂಶದಿಂದ ಬರುವ ಸಾಧ್ಯತೆಯುಳ್ಳ ಕಾಯಿಲೆ. ಅದೇ ದಾನಿಯಿಂದ ಹುಟ್ಟಿದ ಒಡಹುಟ್ಟುಗಳು ಬೇರೆ ಬೇರೆ ಮನೆಗಳಲ್ಲಿದ್ದಾರೆಂದು ಆಕೆಗೆ ಗೊತ್ತಿತ್ತು. ಅವರಿಗಾದರೂ ಎಚ್ಚರಿಕೆ ಮುಟ್ಟಲಿ ಎಂದು ಹಟ ಹಿಡಿದು ಶಾಸಕರ ಬಾಗಿಲು ತಟ್ಟಿದಳು. ಕೊನೆಗೂ ತಂದೆಯನ್ನು ಕಂಡದ್ದು 2013ರಲ್ಲಿ, ಸಾಯುವ ಕೆಲವೇ ವಾರಗಳ ಮೊದಲು. ಆಗ ಆಕೆಗೆ ಮೂವತ್ತು. 2017ರ ಮಾರ್ಚ್ 1ರಿಂದ ವಿಕ್ಟೋರಿಯಾದಲ್ಲಿ ದಾನ ಯಾವ ವರ್ಷ ನಡೆದಿದ್ದರೂ, ದಾನಿ ಒಪ್ಪಲಿ ಬಿಡಲಿ, ಹುಟ್ಟಿದವರಿಗೆ ಅವನ ಗುರುತು ತಿಳಿಯುವ ಹಕ್ಕಿದೆ. ನನ್ನನ್ನು ಸಂಪರ್ಕಿಸಬೇಡಿ ಎಂದು ದಾನಿ ಬರೆದುಕೊಡಬಹುದು. ಅದನ್ನು ಮೀರಿದವರಿಗೆ ದಂಡ.

ಕಾಯಿಲೆಯ ವಿಷಯ ಬಂದಿತಲ್ಲ, ಅದನ್ನೇ ಇನ್ನಷ್ಟು ಹೇಳಬೇಕು. ಡೆನ್ಮಾರ್ಕಿನ ಬ್ಯಾಂಕೊಂದಕ್ಕೆ ವಿದ್ಯಾರ್ಥಿಯಾಗಿದ್ದಾಗ ವೀರ್ಯ ಕೊಟ್ಟ ಒಬ್ಬನ ದಾನದಿಂದ ಯುರೋಪಿನ ಹದಿನಾಲ್ಕು ದೇಶಗಳಲ್ಲಿ ಕನಿಷ್ಠ 197 ಮಕ್ಕಳು ಹುಟ್ಟಿದ್ದಾರೆಂದು 2025ರ ಡಿಸೆಂಬರಿನಲ್ಲಿ ಹಲವು ದೇಶಗಳ ಪತ್ರಕರ್ತರು ಸೇರಿ ಬಯಲಿಗೆಳೆದರು. ದಾನಿ ಆರೋಗ್ಯವಂತ. ಆದರೆ ಅವನ ವೀರ್ಯಾಣುಗಳಲ್ಲಿ ಒಂದು ಪಾಲು, ಟಿಪಿ53 ಎಂಬ ಜೀನಿನ ದೋಷವನ್ನು ಹೊತ್ತಿತ್ತು. ಜೀವಕೋಶ ಹಾದಿ ತಪ್ಪದಂತೆ ತಡೆಯುವ ಜೀನು ಅದು. ಕೆಟ್ಟದ್ದು ಸಿಕ್ಕ ಮಗುವಿಗೆ ಜೀವಮಾನದಲ್ಲಿ ಕ್ಯಾನ್ಸರು ಬರುವ ಸಂಭವ ಬಹಳ ಹೆಚ್ಚು. ಕೆಲವು ಮಕ್ಕಳಿಗೆ ಆಗಲೇ ಬಂದಿತ್ತು, ಕೆಲವರು ತೀರಿಕೊಂಡಿದ್ದರು. ದಾನದ ಹೊತ್ತಿಗೆ ಮಾಡುವ ಮಾಮೂಲು ಪರೀಕ್ಷೆಯಲ್ಲಿ ಇದು ಸಿಗುವಂಥದ್ದಲ್ಲ. ಅಂದರೆ ದಾನದ ದಿನ ಎಷ್ಟೇ ಪರೀಕ್ಷೆ ಮಾಡಿದರೂ ಮುಂದೊಂದು ದಿನ ಹೊಸ ಸುದ್ದಿ ಬರಬಹುದು, ಬಂದಾಗ ಅದನ್ನು ಮಕ್ಕಳಿಗೆ ಮುಟ್ಟಿಸಲು ದಾರಿ ತೆರೆದಿರಬೇಕು.

ಇಲ್ಲಿ ನಮ್ಮ ಕಾಯ್ದೆಯ ಬೆನ್ನು ತಟ್ಟಲೇಬೇಕು. ಒಬ್ಬ ದಾನಿಯ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡಕೂಡದೆಂದು ಅದು ಕಟ್ಟುನಿಟ್ಟಾಗಿ ಹೇಳುತ್ತದೆ. ಬ್ರಿಟನ್ನಿನಲ್ಲಿ ಮಿತಿ ಹತ್ತು ಕುಟುಂಬ. ಐನೂರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿಸಿದ್ದ ನೆದರ್‌ಲೆಂಡ್ಸ್‌ನ ದಾನಿಯೊಬ್ಬನನ್ನು ತಡೆಯಲು 2023ರಲ್ಲಿ ಹೇಗ್ ನಗರದ ನ್ಯಾಯಾಲಯವೇ ಆದೇಶ ಹೊರಡಿಸಬೇಕಾಯಿತು. ನಮ್ಮಲ್ಲಿ ಅಂಥದ್ದು ಕಾನೂನುಬದ್ಧವಾಗಿ ಆಗಲಾರದು. ಇಷ್ಟು ಬಿಗಿ ಮಾಡಿದರೆ ದಾನಿಗಳನ್ನು ಎಲ್ಲಿಂದ ತರುವುದು ಎಂದು ಬ್ಯಾಂಕಿನವರು ಗೊಣಗುತ್ತಾರೆ. ಗೊಣಗಲಿ.

ಆದರೆ 2022ಕ್ಕೆ ಮೊದಲು ಹುಟ್ಟಿದವರ ಕತೆ ಬೇರೆ. ಆಗ ಇದ್ದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2005ರ ಮಾರ್ಗಸೂಚಿ, ಕಾನೂನಲ್ಲ. ಜತೆಗೆ ನಮ್ಮದೇ ಒಂದು ತೊಡಕಿದೆ. ದಾನಿ ಯಾವ ಜಾತಿಯವನೆಂದು ಕೇಳುವ ದಂಪತಿಗಳಿದ್ದಾರೆ, ತಮ್ಮವರದೇ ಬೇಕೆನ್ನುವವರಿದ್ದಾರೆ. ಆ ಮಗು ಬೆಳೆದ ಮೇಲೆ ಹೆಣ್ಣುಗಂಡು ಹುಡುಕುವುದೂ ಅದೇ ಜಾತಿಯ ಅದೇ ಒಳಪಂಗಡದಲ್ಲಿ, ನಾಲ್ಕಾರು ತಾಲ್ಲೂಕುಗಳ ಅಳತೆಯೊಳಗೆ. ಗೋತ್ರ ಕೂಡುತ್ತದೋ ಇಲ್ಲವೋ ಎಂದು ಎರಡೂ ಕಡೆಯ ಹಿರಿಯರು ಕನ್ನಡಕ ಹಾಕಿಕೊಂಡು ನೋಡುತ್ತಾರೆ. ಅವರು ನೋಡುತ್ತಿರುವುದು ಸಾಕಿದ ತಂದೆಯ ಗೋತ್ರ. ಬ್ರಿಟನ್ನಿನಲ್ಲಿ ಹದಿನಾರು ದಾಟಿದವರು, ನಾನು ಮದುವೆಯಾಗಲಿರುವವರು ನನ್ನ ದಾನಿಯ ಕಡೆಯಿಂದ ಸಂಬಂಧಿಯೇ ಎಂದು ಅಲ್ಲಿನ ನಿಯಂತ್ರಣ ಸಂಸ್ಥೆಯನ್ನು ಕೇಳಿ ತಿಳಿದುಕೊಳ್ಳಬಹುದು. ಸೋದರಮಾವನಿಗೂ ಅತ್ತೆಮಗನಿಗೂ ಹೆಣ್ಣು ಕೊಡುವ, ನಂಟಸ್ತಿಕೆಯೊಳಗೇ ಮದುವೆ ಮುಗಿಸುವ ನಾಡಿಗೆ ಅಂಥ ಕಿಂಡಿಯ ಅಗತ್ಯ ಬ್ರಿಟನ್ನಿಗಿಂತ ಹೆಚ್ಚೇ ಇದೆ.

ಇನ್ನೊಂದು ಸಣ್ಣ ಸಂಗತಿ. ಎದೆನೋವೆಂದು ಆಸ್ಪತ್ರೆಗೆ ಹೋದರೆ ಕಿರಿಯ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, ತಂದೆಗೆ ಹಾರ್ಟ್ ಪ್ರಾಬ್ಲಮ್ ಇತ್ತಾ, ಶುಗರ್ ಇತ್ತಾ? ಮನೆಯವರು ಹೇಳದೆ ಬೆಳೆಸಿದ ವ್ಯಕ್ತಿ ಪ್ರಾಮಾಣಿಕವಾಗಿ ಸುಳ್ಳು ಉತ್ತರ ಕೊಡುತ್ತಾನೆ. ವೈದ್ಯರು ಅದನ್ನು ಬರೆದುಕೊಂಡು ಔಷಧ ನಿರ್ಧರಿಸುತ್ತಾರೆ. ‘ಗೊತ್ತಿಲ್ಲ’ ಎಂಬ ಉತ್ತರವೂ ಇದಕ್ಕಿಂತ ಮೇಲು.

ಇನ್ನು ಎದುರು ವಾದ. ಮೊದಲನೆಯದು ತಂದೆತಾಯಿಯದು, ಅದನ್ನು ಹಗುರವಾಗಿ ತಳ್ಳಿಹಾಕಲು ಮನಸ್ಸು ಬಾರದು. ಗುಟ್ಟು ಎಂದರೆ ಇಲ್ಲಿ ಬಹುತೇಕ ಗಂಡಸಿನ ಮಾನ. ಅತ್ತೆಗೆ ತಿಳಿಯಬಾರದು, ಓರಗಿತ್ತಿಗೆ ತಿಳಿಯಬಾರದು, ಆಸ್ತಿ ಪಾಲಿನ ದಿನ ದಾಯಾದಿಗಳು ‘ಇವನು ನಮ್ಮ ರಕ್ತವೇ ಅಲ್ಲ’ ಎನ್ನಬಾರದು. ಕಾನೂನಿನ ಪ್ರಕಾರ ಕಡೆಯದಕ್ಕೆ ಹೆದರಬೇಕಿಲ್ಲ. ಹೀಗೆ ಹುಟ್ಟಿದ ಮಗು ಆ ದಂಪತಿಯದೇ ಜೈವಿಕ ಮಗುವೆಂದು ಪರಿಗಣಿತ, ಸಹಜ ಮಗುವಿಗಿರುವ ಹಕ್ಕೆಲ್ಲ ಅದಕ್ಕಿದೆ, ದಾನಿಗೆ ಅದರ ಮೇಲೆ ಹಕ್ಕಿಲ್ಲ ಎಂದು ಎಆರ್‌ಟಿ ಕಾಯ್ದೆಯೇ ಹೇಳುತ್ತದೆ. ಊರ ಬಾಯಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ, ನಿಜ. ಆದರೆ ಊರಿಗೆ ಹೇಳುವುದು ಬೇರೆ, ಮಗುವಿಗೆ ಹೇಳುವುದು ಬೇರೆ. ಮಗುವಿನ ಹಕ್ಕನ್ನು ಒಪ್ಪಿದರೆ ಓರಗಿತ್ತಿಗೂ ಪತ್ರ ಬರೆಯಬೇಕೆಂದು ಯಾರೂ ಕೇಳುತ್ತಿಲ್ಲ.

ಹೇಳಿದರೆ ಮಗು ದೂರವಾಗುತ್ತದೆ ಎಂಬುದು ಇನ್ನೊಂದು ಭಯ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸೂಸನ್ ಗೊಲೊಂಬೊಕ್ ಮತ್ತು ಸಂಗಡಿಗರು ವೀರ್ಯ ದಾನ, ಅಂಡಾಣು ದಾನ, ಬಾಡಿಗೆ ತಾಯ್ತನದಿಂದ ಮಕ್ಕಳನ್ನು ಪಡೆದ 65 ಬ್ರಿಟಿಷ್ ಕುಟುಂಬಗಳನ್ನು ಮಗು ಹುಟ್ಟಿದಾಗಿನಿಂದ ಇಪ್ಪತ್ತು ವರ್ಷ ಹಿಂಬಾಲಿಸಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಪ್ಪತ್ತರ ಆ ಮಕ್ಕಳ ಮನಸ್ಥಿತಿಗೂ ಸಹಜವಾಗಿ ಹುಟ್ಟಿದವರದಕ್ಕೂ ವ್ಯತ್ಯಾಸ ಕಾಣಲಿಲ್ಲ. ಏಳರ ಒಳಗೆ ತಿಳಿದುಕೊಂಡವರು ತಾಯಿಯ ಜತೆ ಹೆಚ್ಚು ಹೊಂದಿಕೊಂಡಿದ್ದರು. ಸಣ್ಣ ಅಧ್ಯಯನ, ಅದೂ ಬೇರೆ ನೆಲದ್ದು, ಇಲ್ಲಿನ ಕೂಡುಕುಟುಂಬಕ್ಕೆ ಹಾಗೇ ಹೊಂದುತ್ತದೆಂದು ಹೇಳಲಾರೆ. ಆದರೂ ಐದು ವರ್ಷದ ಮಗುವಿಗೆ ‘ನಮಗೆ ಪಾಪು ಬೇಕಿತ್ತು, ಡಾಕ್ಟರ ಹತ್ತಿರ ಹೋದೆವು, ಒಬ್ಬ ಒಳ್ಳೆಯ ಮನುಷ್ಯ ಸಹಾಯ ಮಾಡಿದ’ ಎಂದರೆ ಅದು ಇನ್ನೊಂದು ಕತೆಯಂತೆ ಕೇಳಿಕೊಂಡು ಆಟಕ್ಕೆ ಹೋಗುತ್ತದೆ. ಮೂವತ್ತರಲ್ಲಿ, ತಂದೆಯ ಉತ್ತರಕ್ರಿಯೆಯ ವಾರದಲ್ಲಿ, ಜಗಳದ ನಡುವೆ ಚಿಕ್ಕಪ್ಪನ ಬಾಯಿಂದ ಕೇಳಿದವನಿಗೆ ಹಾಗಾಗುವುದಿಲ್ಲ. ಆಗ ನೋಯಿಸುವುದು ದಾನಿಯಲ್ಲ, ಅಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ ಸುಳ್ಳು. ಈ ವಿಷಯದಲ್ಲಿ ಒಂಟಿ ತಾಯಂದಿರು ಅದೃಷ್ಟವಂತರು. ‘ನನಗೆ ಅಪ್ಪ ಯಾಕಿಲ್ಲ’ ಎಂದು ಮಗು ಮೂರಕ್ಕೇ ಕೇಳುವುದರಿಂದ ಅವರಿಗೆ ಸತ್ಯ ಹೇಳದೆ ವಿಧಿಯಿಲ್ಲ.

ತತ್ವಶಾಸ್ತ್ರದವರ ವಾದ ಚುರುಕಾದದ್ದು. ಅನಾಮಿಕ ದಾನವೇ ಇಲ್ಲದಿದ್ದರೆ ನೀನು ಹುಟ್ಟುತ್ತಲೇ ಇರಲಿಲ್ಲ, ಹುಟ್ಟಿಗೆ ಕಾರಣವಾದದ್ದರಿಂದಲೇ ಅನ್ಯಾಯವಾಯಿತೆಂದು ದೂರುವುದು ಹೇಗೆ? ಇಂಗ್ಲೆಂಡಿನ ಡೆರೆಕ್ ಪರ್ಫಿಟ್ 1984ರ ತನ್ನ ಪುಸ್ತಕದಲ್ಲಿ ಇಂಥ ಗಂಟನ್ನು ಕಟ್ಟಿಟ್ಟ, ಇವತ್ತಿಗೂ ಪೂರ್ತಿ ಬಿಚ್ಚಿದವರಿಲ್ಲ. ಆದರೆ ನಮ್ಮ ವಿಷಯಕ್ಕೆ ಆ ಗಂಟು ಅಡ್ಡ ಬರಬೇಕಿಲ್ಲ. ಹುಟ್ಟಿಸಿದ್ದು ಒಂದು ಕೆಲಸ, ಹುಟ್ಟಿದ ಮೇಲೆ ಕಡತಕ್ಕೆ ಬೀಗ ಹಾಕಿ ಕೂತದ್ದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಕೃತಜ್ಞನಾಗಿರುವವನು ಎರಡನೆಯದನ್ನು ಪ್ರಶ್ನಿಸಬಾರದೆಂದೇನಿಲ್ಲ. ಹೆತ್ತಿದ್ದೇವೆ, ಆದ್ದರಿಂದ ಕೇಳಬೇಡ ಎಂಬ ಮಾತು ಮನೆಗಳಲ್ಲಿ ನಡೆದೀತು, ಕಾನೂನಿನಲ್ಲಿ ನಡೆಯಬಾರದು.

ನನಗೆ ನಿಜವಾಗಿ ತೊಡಕೆನಿಸುವ ವಾದ ಬೇರೆಯದು. ರಕ್ತ, ಬೀಜ, ವಂಶ ಎಂದು ಎಣಿಸುತ್ತಲೇ ಕೆಟ್ಟ ಸಮಾಜ ನಮ್ಮದು. ಜೈವಿಕ ತಂದೆಯನ್ನು ತಿಳಿಯುವುದು ಮುಖ್ಯ ಎಂದು ಗಟ್ಟಿಯಾಗಿ ಹೇಳಿದಷ್ಟೂ ಆ ಎಣಿಕೆಗೆ ಬಲ ಕೊಟ್ಟಂತಾಗದೇ? ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು (1965) ಇದೇ ಕಣ್ಣಿನಿಂದ ಓದಬಹುದು. ವಂಶದ ಪಾವಿತ್ರ್ಯವನ್ನೇ ನಂಬಿ ಬದುಕಿದ ಶ್ರೀನಿವಾಸ ಶ್ರೋತ್ರಿಗಳಿಗೆ ಮುಪ್ಪಿನಲ್ಲಿ ತಾವು ಆ ವಂಶದ ಬೀಜವೇ ಅಲ್ಲವೆಂದು ತಿಳಿಯುತ್ತದೆ, ಕಾಲ ಕೆಳಗಿನ ನೆಲವೇ ಸರಿಯುತ್ತದೆ. ಇದನ್ನು ಓದಿ ‘ತಿಳಿಯದಿದ್ದರೇ ಚೆನ್ನಿತ್ತು’ ಎನ್ನುವವರಿದ್ದಾರೆ. ನನಗನ್ನಿಸುವುದು ತಿರುಗಾಮುರುಗಾ: ತಿಳಿದದ್ದು ತಡವಾಯಿತು, ಅದಕ್ಕೇ ಅಷ್ಟು ಏಟು. ಎಳೆಯನಾಗಿದ್ದಾಗಲೇ ತಿಳಿದಿದ್ದರೆ ವಂಶಕ್ಕೆ ಎಷ್ಟು ಬೆಲೆ ಕೊಡಬೇಕೆಂದು ಅವರೇ ತೂಗಿ ನೋಡುತ್ತಿದ್ದರು. ತಿಳಿಯುವ ಹಕ್ಕು ಎಂದರೆ ರಕ್ತವೇ ದೊಡ್ಡದೆಂದು ಒಪ್ಪಿದ ಹಾಗಲ್ಲ. ದೊಡ್ಡದೋ ಚಿಕ್ಕದೋ ಎಂಬ ತೀರ್ಮಾನವನ್ನು ಅವರವರಿಗೆ ಬಿಟ್ಟುಕೊಟ್ಟ ಹಾಗೆ. ತಿಳಿದೂ ‘ಇರಲಿ ಬಿಡಿ, ನನಗೆ ನನ್ನ ಅಪ್ಪನೇ ಅಪ್ಪ’ ಎನ್ನುವವರೇ ಹೆಚ್ಚಿರಬಹುದು.

ನಿಯೋಗವಿತ್ತಲ್ಲ, ನಮಗಿದು ಹೊಸದೇ ಎಂದು ಮಹಾಭಾರತ ತೆರೆಯುವವರಿಗೆ ಒಂದು ಮಾತು. ಅಂಬಿಕೆ ಅಂಬಾಲಿಕೆಯರ ಮಕ್ಕಳಿಗೆ ಬೀಜ ಕೊಟ್ಟವನು ವ್ಯಾಸನೆಂದು ಹಸ್ತಿನಾವತಿಗೆಲ್ಲ ಗೊತ್ತು. ಧೃತರಾಷ್ಟ್ರನಿಗೂ ಗೊತ್ತು, ಪಾಂಡುವಿಗೂ ಗೊತ್ತು, ವ್ಯಾಸ ಬೇಕಾದಾಗ ಬಂದು ಬುದ್ಧಿ ಹೇಳಿ ಹೋಗುತ್ತಾನೆ. ಮುಚ್ಚಿಟ್ಟದ್ದು ಕರ್ಣನ ಹುಟ್ಟನ್ನು. ಅದರ ಬೆಲೆ ತೆತ್ತವರು ಯಾರು ಯಾರೆಂದು ಪಂಪನನ್ನು ಓದಿದ ನಾಡಿಗೆ ಬೇರೆ ಹೇಳಬೇಕಿಲ್ಲ.

ನಮ್ಮ ಸರ್ಕಾರಕ್ಕೆ ಈ ಹಕ್ಕಿನ ಕಲ್ಪನೆಯೇ ಇಲ್ಲವೆಂದಲ್ಲ. ದತ್ತು ಹೋದ ಮಗು ಹದಿನೆಂಟು ತುಂಬಿದ ಮೇಲೆ ತನ್ನ ಮೂಲ ಹುಡುಕಲು ಅರ್ಜಿ ಹಾಕಬಹುದೆಂದು ಕೇಂದ್ರದ ದತ್ತು ನಿಯಮಗಳೇ ಹೇಳುತ್ತವೆ. ಹೆತ್ತವರು ಗುರುತು ಮರೆಯಲ್ಲಿರಲಿ ಎಂದು ಬರೆದುಕೊಟ್ಟಿದ್ದರೆ ಅವರ ಒಪ್ಪಿಗೆ ಕೇಳಬೇಕು, ಅಷ್ಟೇ. 1992ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಏಳನೇ ವಿಧಿ, ಸಾಧ್ಯವಾದಷ್ಟರ ಮಟ್ಟಿಗೆ ತಂದೆತಾಯಿಯನ್ನು ತಿಳಿಯುವ ಹಕ್ಕು ಮಗುವಿಗಿದೆ ಎನ್ನುತ್ತದೆ. 2005ರ ಮಾರ್ಗಸೂಚಿಯಲ್ಲಿ ಕೂಡ, ಹೆಸರು ವಿಳಾಸ ಬಿಟ್ಟು ದಾನಿಯ ಉಳಿದ ವಿವರಗಳನ್ನು ಹದಿನೆಂಟರ ನಂತರ ಕೇಳಬಹುದೆಂದಿತ್ತು. 2010ರ ಕರಡು ಮಸೂದೆಯಲ್ಲೂ ಅಂಥದ್ದೊಂದು ಕಲಮು ಇತ್ತು. 2021ರಲ್ಲಿ ಕಾಯ್ದೆಯಾಗಿ ಹೊರಬರುವ ಹೊತ್ತಿಗೆ ಅಷ್ಟೂ ಮಾಯ. ಗೆಳೆಯನೋ ನೆಂಟನೋ ದಾನಿಯಾಗಲಿ ಎಂದರೆ ಅದಕ್ಕೂ ಎಡೆಯಿಲ್ಲ, ಬ್ಯಾಂಕಿನಿಂದಲೇ ತರಬೇಕು. ಹಾಗಾಗಿ ನಮ್ಮಲ್ಲಿ ಅನಾಮಿಕತೆ ಒಂದು ಸೌಲಭ್ಯವಲ್ಲ, ಕಡ್ಡಾಯ.

ದಾನಿಗಳು ಹೆದರಿ ಬಾರದೇ ಹೋದರೆ ಎಂಬ ಪ್ರಶ್ನೆ ಸ್ವೀಡನ್ನಿನಲ್ಲಿ 1985ರಲ್ಲೇ ಎದ್ದಿತ್ತು, ಜಗತ್ತಿನಲ್ಲಿ ಮೊದಲು ಅನಾಮಿಕತೆ ತೆಗೆದ ದೇಶ ಅದು. ಬ್ರಿಟನ್ 2005ರ ಏಪ್ರಿಲ್‌ನಿಂದ ತೆಗೆಯಿತು, ಆ ನಿಯಮದಡಿ ಹುಟ್ಟಿದ ಮೊದಲ ಮಕ್ಕಳು 2023ರಲ್ಲಿ ಹದಿನೆಂಟು ದಾಟಿ ಹೆಸರು ಕೇಳತೊಡಗಿದರು. ದಾನಿಗಳು ಬತ್ತಿಹೋಗಲಿಲ್ಲ, ನೋಂದಣಿ ಏರಿತು. ಅದರಲ್ಲಿ ದೊಡ್ಡ ಪಾಲು ಡೆನ್ಮಾರ್ಕ್, ಅಮೆರಿಕಗಳಿಂದ ತರಿಸಿಕೊಂಡದ್ದು ಎಂಬುದನ್ನೂ ಹೇಳಬೇಕು. ಸ್ಪೇನ್ ಈಗಲೂ ಅನಾಮಿಕತೆಯನ್ನೇ ಕಾನೂನು ಮಾಡಿಕೊಂಡಿದೆ. ನಮ್ಮಲ್ಲಿ, ಒಬ್ಬ ದಾನಿಗೆ ಒಂದೇ ದಂಪತಿ ಎಂಬ ನಿಯಮದ ಜತೆಗೆ ಗುರುತೂ ತೆರೆದರೆ ವೀರ್ಯದ ಕೊರತೆ ಆಗಬಹುದು. ಕೆಲವು ದಂಪತಿಗಳು ಹೆಚ್ಚು ಕಾಯಬೇಕಾದೀತು. ಅದು ನಿಜವಾದ ನಷ್ಟ, ಮಕ್ಕಳಿಗಾಗಿ ಹಂಬಲಿಸಿದವರ ಮುಂದೆ ಅದನ್ನು ಸಣ್ಣದೆನ್ನಲಾರೆ. ಆದರೆ ಹದಿನೆಂಟು ವರ್ಷದ ತರುವಾಯ ಒಂದು ಪತ್ರ ಬಂದರೆ ತಡೆದುಕೊಳ್ಳಲಾರೆ ಎನ್ನುವವನು ದಾನ ಮಾಡದಿರುವುದೇ ಒಳ್ಳೆಯದು.

ವಿಕ್ಟೋರಿಯಾದ ಹಾಗೆ ಹಳೆಯ ದಾನಿಗಳ ಹೆಸರನ್ನೂ ಒಪ್ಪಿಗೆಯಿಲ್ಲದೆ ತೆರೆಯಬೇಕೆಂದು ನಾನು ಹೇಳಲಾರೆ. ಮರೆಯಲ್ಲಿಡುತ್ತೇವೆಂದು ಕರೆಸಿಕೊಂಡವನಿಗೆ ಕೊಟ್ಟ ಮಾತನ್ನು ಸರ್ಕಾರವೇ ಮುರಿಯುವುದಕ್ಕೆ ನರೆಲ್ ಗ್ರೆಚ್‌ಳದಂಥ ಕಾರಣ ಬೇಕು, ಅಲ್ಲಿಗೂ ದತ್ತು ನಿಯಮದ ಹಾಗೆ ಒಮ್ಮೆ ಒಪ್ಪಿಗೆ ಕೇಳಿ ನೋಡಬಹುದು. ಹೊಸ ದಾನಿಗಳಿಗೆ ಮೊದಲೇ ಹೇಳಿ ರುಜು ಪಡೆದರಾಯಿತು. ಕಾಯಿಲೆಯ ಮಾಹಿತಿಗೆ ಮಾತ್ರ ಹದಿನೆಂಟರವರೆಗೆ ಕಾಯುವ ಹಂಗೂ ಇರಬಾರದು.

ಹೊಸ ಕಾಯ್ದೆಯಡಿ ಹುಟ್ಟಿದ ಮೊದಲ ಮಕ್ಕಳಿಗೆ ಹದಿನೆಂಟು ತುಂಬುವುದು 2040ರಲ್ಲಿ. ಅದಕ್ಕೂ ಮೊದಲು, 2032ರಿಂದ, ಬ್ಯಾಂಕುಗಳ ಕಡತಗಳು ರಾಷ್ಟ್ರೀಯ ರಿಜಿಸ್ಟ್ರಿಗೆ ಬರತೊಡಗುತ್ತವೆ. ಒಂದು ತಿದ್ದುಪಡಿ ತರಲು ಸಾಲುವಷ್ಟು ವ್ಯವಧಾನ. ಅಷ್ಟರೊಳಗೆ ಮಾಡಬಹುದಾದದ್ದೂ ಒಂದಿದೆ. ಚಿಕಿತ್ಸೆಗೆ ಬಂದವರಿಗೆ ಆಪ್ತಸಲಹೆ ಕೊಡಬೇಕೆಂದು ಕಾಯ್ದೆ ಕ್ಲಿನಿಕ್ಕುಗಳಿಗೆ ಈಗಾಗಲೇ ವಿಧಿಸಿದೆ. ಸಲಹೆಗಾರರು ಮುಂದೆ ಕೂರಿಸಿಕೊಂಡು ಯಶಸ್ಸಿನ ಶೇಕಡಾವಾರು ಹೇಳುತ್ತಾರೆ, ಖರ್ಚು ಹೇಳುತ್ತಾರೆ, ಅಡ್ಡಪರಿಣಾಮ ಹೇಳುತ್ತಾರೆ. ಮಗುವಿಗೆ ಇದನ್ನು ಯಾವಾಗ ಹೇಳುತ್ತೀರಿ, ಯಾರು ಹೇಳುತ್ತೀರಿ ಎಂದು ಅದೇ ಕುರ್ಚಿಯಲ್ಲಿ ಗಂಡಹೆಂಡಿರನ್ನು ಕೇಳಲು ಸಂಸತ್ತಿನ ಅಧಿವೇಶನಕ್ಕೆ ಕಾಯಬೇಕಾಗಿಲ್ಲ.